ಸೂತ್ರದ ಹಾಳೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಗಣಿತ, ಭೌತವಿಜ್ಞಾನದ ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆಯ ಜೊತೆಗೇ ಸೂತ್ರಗಳ ಒಂದು ಹಾಳೆಯನ್ನೂ ಕೊಟ್ಟುಬಿಡಬೇಕು ಎಂಬ ವಾದ ನಮ್ಮಲ್ಲಿ ಆಗಾಗ ತಲೆಯೆತ್ತುತ್ತದೆ. ವಾದಿಸುವವರ ಪರವಾಗಿಯೇ ಅದನ್ನು ಹೇಳುವುದಾದರೆ ಹೀಗೆ ಹೇಳಬಹುದು. ನಮ್ಮ ಶಾಲೆಗಳಿಗೆ ಅಂಟಿದ ದೊಡ್ಡ ಜಾಡ್ಯ ಉರು ಹೊಡೆಯುವುದು. ಹೊರೆಯಿಲ್ಲದ ಕಲಿಕೆಯ ಬಗ್ಗೆ ಯಶಪಾಲ್ ಸಮಿತಿ 1993ರಲ್ಲೇ ವರದಿ ಕೊಟ್ಟಿತು. ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿತು. ಆದರೂ ಹತ್ತನೇ ತರಗತಿಯ ಹುಡುಗ ಶಂಕುವಿನ ಘನಫಲದ ಸೂತ್ರವನ್ನು ಗೋಡೆಗೆ ಅಂಟಿಸಿಕೊಂಡು ದಿನವೂ ಒಪ್ಪಿಸುತ್ತಾನೆ, ಅದರಲ್ಲಿರುವ ಮೂರನೇ ಒಂದು ಎಲ್ಲಿಂದ ಬಂತೆಂದು ಕೇಳಿದರೆ ಮುಖ ಮುಖ ನೋಡುತ್ತಾನೆ. ಸೂತ್ರ ನೆನಪಿಡುವುದಕ್ಕೆ ಸುರಿಯುವ ಶ್ರಮವನ್ನು ಅರ್ಥಮಾಡಿಕೊಳ್ಳುವುದಕ್ಕೆ ತಿರುಗಿಸಿದರೆ ಒಳ್ಳೆಯದಲ್ಲವೇ? ಎಂಜಿನಿಯರು ಕೆಲಸದ ಜಾಗದಲ್ಲಿ ಪುಸ್ತಕ ತೆರೆದೇ ನೋಡುತ್ತಾನೆ, ಮಕ್ಕಳ ಕೈಯಲ್ಲೂ ಈಗ ಫೋನ್ ಇದೆ. ಪರೀಕ್ಷೆಯ ಭಯದಲ್ಲಿ ಸೂತ್ರವೊಂದು ಮರೆತುಹೋದ ಮಾತ್ರಕ್ಕೆ ಲೆಕ್ಕ ಗೊತ್ತಿರುವ ಹುಡುಗಿ ಐದು ಅಂಕ ಕಳೆದುಕೊಳ್ಳುವುದು ನ್ಯಾಯವೂ ಅಲ್ಲ. ಇದಕ್ಕೆ ಎದುರಾಗಿ ಇನ್ನೊಂದು ಬಣವಿದೆ. ಮಗ್ಗಿ ಬಾಯಿಪಾಠ ಮಾಡಿದ ತಲೆಮಾರಿಗೆ ಲೆಕ್ಕ ಬರುತ್ತಿತ್ತು, ಕ್ಯಾಲ್ಕ್ಯುಲೇಟರ್ ಬಂದು ಅದು ಹೋಯಿತು, ಇನ್ನು ಸೂತ್ರವೂ ಹಾಳೆಗೆ ಹೋದರೆ ತಲೆಯಲ್ಲಿ ಉಳಿಯುವುದೇನು ಎಂಬುದು ಅವರ ಅಳಲು. ಎರಡೂ ಕಡೆಯವರು ಜಗಳವಾಡುತ್ತಿದ್ದರೂ ಒಂದು ಮಾತನ್ನು ಇಬ್ಬರೂ ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ. ಹಾಳೆ ಎಂಬುದು ನೆನಪಿಗೆ ಬದಲಿ, ನೆನಪಿನಲ್ಲಿರುವ ಸೂತ್ರವನ್ನು ಹಾಳೆಗೆ ವರ್ಗಾಯಿಸಿದರೆ ಆ ಜಾಗ ಖಾಲಿಯಾಗಿ ಅಲ್ಲಿ ತಿಳಿವಳಿಕೆ ಬಂದು ಕೂರುತ್ತದೆ, ಅಥವಾ ಏನೂ ಬಂದು ಕೂರುವುದಿಲ್ಲ, ಎಂಬ ಮಾತು. ಗೋಜಲಿರುವುದು ಇಲ್ಲೇ. ಹಾಳೆ ಕೊಡಬೇಕೆಂದೇ ನಾನೂ ಹೇಳುತ್ತೇನೆ, ಆದರೆ ಅದನ್ನು ಬೇಡುವವರು ಕೊಡುವ ಕಾರಣಕ್ಕಾಗಿ ಅಲ್ಲ.

ಹಾಳೆ ಕೊಡುವುದು ನಮಗೆ ಹೊಸದೇನಲ್ಲ. ದಶಕಗಳ ಕಾಲ ನಮ್ಮ ವಿದ್ಯಾರ್ಥಿಗಳು ಲಾಗ್ ಟೇಬಲ್ ಹಿಡಿದುಕೊಂಡೇ ಪರೀಕ್ಷೆಗೆ ಕೂತರು. ಅದರಿಂದ ಗಣಿತದ ಮಾನ ಹೋಯಿತೆಂದು ಯಾರೂ ಗೋಳಾಡಲಿಲ್ಲ. ಆ ಟೇಬಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಒಂದು ಸಂಗತಿ ಕಾಣುತ್ತದೆ. 200ರ ಲಾಗ್ ಬೇಕೆಂದು ತೆರೆದರೆ 20ರ ಸಾಲಿನಲ್ಲಿ ಸಿಗುವುದು 3010 ಎಂಬ ನಾಲ್ಕು ಅಂಕಿ ಮಾತ್ರ. 2ಕ್ಕೂ ಅದೇ, 20ಕ್ಕೂ ಅದೇ. ಉತ್ತರ 0.3010 ಆಗಬೇಕೋ, 1.3010 ಆಗಬೇಕೋ, 2.3010 ಆಗಬೇಕೋ ಎಂಬುದನ್ನು ಟೇಬಲ್ ಹೇಳುವುದಿಲ್ಲ, ಹುಡುಗನೇ ಸಂಖ್ಯೆಯ ಗಾತ್ರ ನೋಡಿ ಹೇಳಬೇಕು. ಕಾಗದ ಉಳಿಸಲು ಮಾಡಿದ ಜಿಪುಣತನವಲ್ಲ ಇದು. ಬಿಂದುವಿನ ಹಿಂದಿನ ಅಂಕಿ ಯೋಚಿಸಿದರೆ ಹೊಳೆಯುವಂಥದ್ದು, ಮುಂದಿನ ನಾಲ್ಕು ಅಂಕಿಗಳು ಎಷ್ಟು ಯೋಚಿಸಿದರೂ ಪರೀಕ್ಷಾ ಕೊಠಡಿಯಲ್ಲಿ ಹೊಳೆಯುವಂಥವಲ್ಲ. ಸಿಬಿಎಸ್‌ಇ ಹನ್ನೆರಡನೇ ತರಗತಿಯ ಭೌತವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲೂ ಬೆಳಕಿನ ವೇಗ, ಪ್ಲಾಂಕ್ ಸ್ಥಿರಾಂಕ, ಎಲೆಕ್ಟ್ರಾನಿನ ಆವೇಶ ಇತ್ಯಾದಿ ಬೆಲೆಗಳನ್ನು ಅಚ್ಚು ಹಾಕಿಯೇ ಕೊಡುತ್ತಾರೆ, ಮಸೂರದ ಸೂತ್ರವನ್ನು ಕೊಡುವುದಿಲ್ಲ. ಅಳತೆ ಮಾಡಿ ಕಂಡುಕೊಂಡ ಅಂಕಿಯನ್ನು ತರ್ಕದಿಂದ ಪಡೆಯಲಾಗದು, ಸಂಬಂಧವನ್ನು ಪಡೆಯಬಹುದು ಎಂಬ ವಿವೇಕ ಅಲ್ಲಿಯೂ ಇದೆ. ಅಂದರೆ ಕೊಡಬೇಕಾದದ್ದು, ಕೊಡಬಾರದ್ದು ಎಂಬ ಗೆರೆಯನ್ನು ನಮ್ಮವರು ಎಂದೋ ಎಳೆದಿದ್ದಾರೆ. ಚರ್ಚೆ ನಡೆಯಬೇಕಾದದ್ದು ಗೆರೆ ಎಲ್ಲಿ ಹಾಯಬೇಕು ಎಂಬುದರ ಮೇಲೆ. ನಡೆಯುತ್ತಿರುವುದು ಮಾತ್ರ ಎಲ್ಲವೂ ತಲೆಯಲ್ಲಿರಬೇಕೇ, ಎಲ್ಲವೂ ಹಾಳೆಯಲ್ಲಿರಬೇಕೇ ಎಂಬುದರ ಮೇಲೆ.

ಹಾಳೆ ಇದ್ದರೆ ಲೆಕ್ಕದಲ್ಲಿ ಯಾವ ಹೆಜ್ಜೆ ಹಗುರಾಗುತ್ತದೆ ಎಂಬುದನ್ನು ಒಂದು ಲೆಕ್ಕವನ್ನೇ ಮುಂದಿಟ್ಟುಕೊಂಡು ನೋಡಬೇಕು. ಒಂದು ಬಸ್ಸು 300 ಕಿಲೋಮೀಟರ್ ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ. ವೇಗ ಗಂಟೆಗೆ 10 ಕಿಲೋಮೀಟರ್ ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಬಸ್ಸಿನ ವೇಗವೆಷ್ಟು? ಹತ್ತನೇ ತರಗತಿಯ ವರ್ಗ ಸಮೀಕರಣದ ಪಾಠದಲ್ಲಿ ಈ ಜಾತಿಯ ಲೆಕ್ಕಗಳು ಬೇಕಾದಷ್ಟಿವೆ. ವೇಗವನ್ನು ಎಕ್ಸ್ ಎಂದುಕೊಳ್ಳಬೇಕು. ಈಗ ಹಿಡಿಯುವ ಸಮಯ 300ನ್ನು ಎಕ್ಸ್‌ನಿಂದ ಭಾಗಿಸಿದಷ್ಟು, ಹೆಚ್ಚಿನ ವೇಗದಲ್ಲಿ ಹಿಡಿಯುವ ಸಮಯ 300ನ್ನು ಎಕ್ಸ್ + 10ರಿಂದ ಭಾಗಿಸಿದಷ್ಟು, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಒಂದು. ಇಷ್ಟನ್ನು ಕಟ್ಟಿಕೊಂಡು ಸರಳಗೊಳಿಸಿದರೆ ಎಕ್ಸ್² + 10ಎಕ್ಸ್ − 3000 = 0 ಎಂಬ ಸಮೀಕರಣ ಬರುತ್ತದೆ. ಹಾಳೆಯಲ್ಲಿ ಅಚ್ಚಾಗಿರುವ ಸೂತ್ರಕ್ಕೆ ಕೆಲಸ ಸಿಗುವುದು ಇಲ್ಲಿಗೆ ಬಂದ ಮೇಲೆ. ಅದಕ್ಕೆ ಮೊದಲು ಆಗಬೇಕಾದದ್ದು, ಅಂದರೆ ಮಾತಿನಲ್ಲಿರುವುದನ್ನು ಸಮೀಕರಣಕ್ಕೆ ಇಳಿಸುವುದು, ಯಾವುದರಿಂದ ಯಾವುದನ್ನು ಕಳೆಯಬೇಕೆಂದು ತಿಳಿಯುವುದು, ಹಾಳೆಯ ಪಾಲಿನ ಕೆಲಸವಲ್ಲ. ಆಮೇಲೆ ಬರುವ 50 ಮತ್ತು −60 ಎಂಬ ಎರಡು ಉತ್ತರಗಳಲ್ಲಿ ಎರಡನೆಯದನ್ನು ಬಿಡಬೇಕೆಂಬುದನ್ನೂ ಹಾಳೆ ಹೇಳುವುದಿಲ್ಲ. ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲಿ. ಅಲ್ಲಿ ಎಡವಿದವನಿಗೆ ಹಾಳೆ ಕೈಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲಿ ಎಡವದವನಿಗೆ ಸೂತ್ರವೇ ಬೇಕಾಗದೆ ಹೋಗಬಹುದು, ಏಕೆಂದರೆ ಗುಣಿಸಿದರೆ 3000, ಕಳೆದರೆ 10 ಬರುವ ಎರಡು ಸಂಖ್ಯೆಗಳು 60 ಮತ್ತು 50 ಎಂಬುದು ಮಗ್ಗಿ ಬರುವವನಿಗೆ ನೋಡಿದ ತಕ್ಷಣ ಹೊಳೆಯುತ್ತದೆ. ಸೂತ್ರ ಮರೆತ ಕಾರಣಕ್ಕೇ ಲೆಕ್ಕ ಕೈತಪ್ಪುವುದು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹಾಳೆಯಿಂದ ತಿಳಿವಳಿಕೆ ಅರಳುತ್ತದೆ ಎನ್ನುವವರು, ಲೆಕ್ಕದ ಅತ್ಯಂತ ಯಾಂತ್ರಿಕವಾದ ಹೆಜ್ಜೆಯನ್ನು ಹಗುರ ಮಾಡಿ ಕಷ್ಟದ ಹೆಜ್ಜೆ ತಾನಾಗಿ ಹಗುರಾಗುತ್ತದೆಂದು ಕಾಯುತ್ತಿದ್ದಾರೆ.

ಇದಕ್ಕಿಂತ ಗಂಭೀರವಾದ ತೊಡಕೊಂದಿದೆ. ಸೂತ್ರಗಳಲ್ಲಿ ಹಲವು ತಮ್ಮ ಸ್ವಂತ ಮುಖದಲ್ಲಿ ಎದುರಿಗೆ ಬರುವುದೇ ಇಲ್ಲ. ಎರಡು ವರ್ಗಗಳ ವ್ಯತ್ಯಾಸವು ಆ ಎರಡು ಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧಕ್ಕೆ ಸಮ ಎಂಬುದನ್ನು ತೆಗೆದುಕೊಳ್ಳಿ. ಯಾವ ಹಾಳೆಯಲ್ಲೂ ಇದು ಮೊದಲ ಸಾಲುಗಳಲ್ಲೇ ಇರುತ್ತದೆ. ಪ್ರಶ್ನೆ ಬರುವುದು ಮಾತ್ರ 103ನ್ನು 97ರಿಂದ ಗುಣಿಸಿ ಎಂದು. ಅಲ್ಲಿ ವರ್ಗವೂ ಕಾಣುವುದಿಲ್ಲ, ವ್ಯತ್ಯಾಸವೂ ಕಾಣುವುದಿಲ್ಲ. 100ರ ವರ್ಗದಿಂದ 3ರ ವರ್ಗ ಕಳೆದರೆ 9991 ಎಂದು ಹೊಳೆಯಬೇಕಾದರೆ ಸೂತ್ರ ಕಣ್ಣಿನೊಳಗೇ ಇರಬೇಕು. ಅಥವಾ ಸೈನ್‌ನ ನಾಲ್ಕನೇ ಘಾತದಿಂದ ಕೊಸೈನ್‌ನ ನಾಲ್ಕನೇ ಘಾತವನ್ನು ಕಳೆದು ಸಂಕ್ಷೇಪಿಸಿ ಎಂಬ ಪ್ರಶ್ನೆ ಬಂದಿದೆ ಎನ್ನಿ. ಹಾಳೆಯಲ್ಲಿ ನಾಲ್ಕನೇ ಘಾತಕ್ಕೆ ಸಂಬಂಧಿಸಿದ್ದು ಏನೂ ಇಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ತಡಕಾಡಿದ ವಿದ್ಯಾರ್ಥಿ ಇದು ಪಠ್ಯದಲ್ಲೇ ಇಲ್ಲವೆಂದು ಕೈಚೆಲ್ಲುತ್ತಾನೆ. ಆದರೆ ನಾಲ್ಕನೇ ಘಾತ ಎಂದರೆ ವರ್ಗದ ವರ್ಗ, ಹಾಗಾಗಿ ಇದು ಅದೇ ಹಳೆಯ ವರ್ಗಗಳ ವ್ಯತ್ಯಾಸ, ಬಿಡಿಸಿದಾಗ ಬರುವ ಎರಡು ಅಪವರ್ತನಗಳಲ್ಲಿ ಸೈನ್ ವರ್ಗ, ಕೊಸೈನ್ ವರ್ಗಗಳ ಮೊತ್ತವಾದದ್ದು ಒಂದು, ಆದ್ದರಿಂದ ಉಳಿಯುವುದು ಸೈನ್ ವರ್ಗದಿಂದ ಕೊಸೈನ್ ವರ್ಗ ಕಳೆದದ್ದು ಮಾತ್ರ. ಬೇಕಾದ ಎರಡು ಸೂತ್ರಗಳೂ ಹಾಳೆಯ ಮೇಲೇ ಇದ್ದವು. ಇದ್ದೂ ಪ್ರಯೋಜನವಾಗಲಿಲ್ಲ. ಹಾಳೆ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಆದರೆ ಏನು ಕೇಳಬೇಕು ಎಂಬುದು ಗೊತ್ತಾಗುವುದು ಸೂತ್ರವನ್ನು ಮೊದಲೇ ಬಲ್ಲವನಿಗೆ. ಫೋನಿನ ಮಾತೂ ಹೀಗೆಯೇ. ಹುಡುಕುಪೆಟ್ಟಿಗೆಯಲ್ಲಿ ಏನು ಟೈಪ್ ಮಾಡಬೇಕೆಂದು ತಿಳಿಯದವನಿಗೆ ಇಡೀ ಅಂತರ್ಜಾಲವೂ ಒಂದು ದೊಡ್ಡ ಹಾಳೆಯಷ್ಟೇ. ಲೆಕ್ಕದ ಫೋಟೊ ತೆಗೆದರೆ ಉತ್ತರವನ್ನೇ ಕೊಡುವ ಆ್ಯಪ್‌ಗಳಿವೆಯಲ್ಲ ಎಂದರೆ, ಆಗ ಪ್ರಶ್ನೆ ಸೂತ್ರದ್ದಾಗಿ ಉಳಿಯದೆ ಗಣಿತವನ್ನೇ ಏಕೆ ಕಲಿಯಬೇಕು ಎಂಬುದಾಗುತ್ತದೆ. ಅದು ಬೇರೆ ಲೇಖನದ ವಸ್ತು.

ಗುರುತು ಹಿಡಿಯುವ ಈ ಶಕ್ತಿಯ ಬಗ್ಗೆ ಒಳ್ಳೆಯ ಅಧ್ಯಯನವೊಂದಿದೆ. 1981ರಲ್ಲಿ ಮಿಷೆಲಿನ್ ಚಿ, ಪಾಲ್ ಫೆಲ್ಟೋವಿಚ್, ರಾಬರ್ಟ್ ಗ್ಲೇಸರ್ ಎಂಬ ಸಂಶೋಧಕರು ಭೌತವಿಜ್ಞಾನದಲ್ಲಿ ಪಳಗಿದವರಿಗೂ ಹೊಸಬರಿಗೂ ಅವೇ ಲೆಕ್ಕಗಳನ್ನು ಕೊಟ್ಟರು. ಬಿಡಿಸಬೇಕಾಗಿರಲಿಲ್ಲ, ಹೋಲುವ ಲೆಕ್ಕಗಳನ್ನು ಒಂದೊಂದು ಗುಂಪಾಗಿ ಜೋಡಿಸಿದರೆ ಸಾಕಿತ್ತು. ಹೊಸಬರು ಇಳಿಜಾರಿನ ಲೆಕ್ಕಗಳನ್ನು ಒಂದು ಕಡೆ, ಸ್ಪ್ರಿಂಗಿನ ಲೆಕ್ಕಗಳನ್ನು ಒಂದು ಕಡೆ, ರಾಟೆಯವನ್ನು ಇನ್ನೊಂದು ಕಡೆ ಇಟ್ಟರು. ಪಳಗಿದವರು ಶಕ್ತಿಯ ಸಂರಕ್ಷಣೆಯಿಂದ ಬಿಡಿಸಬೇಕಾದವು ಇವು, ನ್ಯೂಟನ್ನನ ಎರಡನೇ ನಿಯಮದಿಂದ ಬಿಡಿಸಬೇಕಾದವು ಇವು ಎಂದು ವಿಂಗಡಿಸಿದರು. ಹೊಸಬರಿಗೆ ಆ ನಿಯಮಗಳ ಹೆಸರು ಗೊತ್ತಿರಲಿಲ್ಲವೆಂದಲ್ಲ. ಲೆಕ್ಕದ ಹೊರಮೈಯನ್ನು ದಾಟಿ ನಿಯಮವನ್ನು ಕಾಣುವಷ್ಟು ಅವು ಅವರಿಗೆ ಒಗ್ಗಿರಲಿಲ್ಲ. ಇದನ್ನು ಎರಡೂ ಬಣಗಳು ಗಮನಿಸಬೇಕು. ಬರೀ ಒಪ್ಪಿಸಲು ಬರುವ ಸೂತ್ರದಿಂದ ಈ ನೋಟ ಹುಟ್ಟುವುದಿಲ್ಲ, ಎದುರಿಗಿಟ್ಟ ಹಾಳೆಯಿಂದಲೂ ಹುಟ್ಟುವುದಿಲ್ಲ. ಬೇರೆ ಬೇರೆ ಲೆಕ್ಕಗಳಲ್ಲಿ ಒಂದೇ ಸೂತ್ರವನ್ನು ಮತ್ತೆ ಮತ್ತೆ ದುಡಿಸಿಕೊಂಡಾಗ ಅದು ಹುಟ್ಟುತ್ತದೆ. ಹಾಗೆ ದುಡಿಸಿಕೊಂಡವನಿಗೆ ಸೂತ್ರ ಪ್ರತ್ಯೇಕವಾಗಿ ಬಾಯಿಪಾಠ ಮಾಡದೆಯೇ ನೆನಪಿನಲ್ಲಿ ಉಳಿದಿರುತ್ತದೆ. ಆದ್ದರಿಂದ ನೆನಪನ್ನು ತಿಳಿವಳಿಕೆಯ ಶತ್ರು ಎನ್ನುವುದು ಸಲ್ಲದು. ಆರೋಪಿಯ ಕಟಕಟೆಯಲ್ಲಿ ನಿಲ್ಲಬೇಕಾದದ್ದು ಬಳಕೆಯಿಲ್ಲದೆ ತುಂಬಿಕೊಂಡ ನೆನಪು.

ಇಲ್ಲೊಂದು ಆಕ್ಷೇಪಕ್ಕೆ ಜಾಗವಿದೆ. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬೆರಳೆಣಿಕೆಯಷ್ಟು. ಜಾರ್ಜ್ ಮಿಲ್ಲರ್ 1956ರಲ್ಲಿ ಏಳರ ಆಸುಪಾಸು ಎಂದಿದ್ದ, ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿದ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಸೂತ್ರವನ್ನೂ ಏಕೆ ತುರುಕಬೇಕು, ಕಾಗದದ ಮೇಲಿದ್ದರೆ ಹಗುರಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಇಕ್ಕಟ್ಟು ಇರುವುದು ಆ ಕ್ಷಣದ ಗಮನಕ್ಕೆ. ಬಹುಕಾಲದಿಂದ ನೆನಪಿನಲ್ಲಿ ನೆಲೆಸಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ಚೆನ್ನಾಗಿ ಗೊತ್ತಿರುವ ಸೂತ್ರ, ಎಷ್ಟೇ ಅಕ್ಷರಗಳಿದ್ದರೂ, ಒಂದೇ ಸಂಗತಿಯಾಗಿ ಗಮನಕ್ಕೆ ಬರುತ್ತದೆ. ಗೊತ್ತಿಲ್ಲದ ಸೂತ್ರವನ್ನು ಹಾಳೆಯಿಂದ ಎತ್ತಿಕೊಳ್ಳುವಾಗ ಅದರ ಒಂದೊಂದು ಅಕ್ಷರವೂ ಬೇರೆ ಬೇರೆ ಸಂಗತಿ. ಹಾಳೆಯ ಎಚ್ ಎಂದರೆ ಲೆಕ್ಕದ ಯಾವ ಎತ್ತರ, ಓರೆ ಎತ್ತರವೋ ನೇರ ಎತ್ತರವೋ, ಎಂದು ಹೊಂದಿಸಿ ನೋಡುವಷ್ಟರಲ್ಲಿ ಲೆಕ್ಕದ ಎಳೆ ತಪ್ಪಿರುತ್ತದೆ. ಒಂದು ಪರೀಕ್ಷೆಯಲ್ಲಿ ಒಂದೆರಡು ಸಲ ನೋಡಬೇಕಾದ ಸೂತ್ರಕ್ಕೆ ಈ ಬೆಲೆ ತೆರಬಹುದು. ಪ್ರತಿ ಮೂರನೇ ಸಾಲಿಗೂ ಬೇಕಾಗುವ ಸೂತ್ರಕ್ಕೆ ತೆರಲಾಗುವುದಿಲ್ಲ. ಪದಕೋಶ ನೋಡಿಕೊಂಡು ಕಾದಂಬರಿ ಓದಬಹುದು, ಆದರೆ ಪ್ರತಿ ಪದಕ್ಕೂ ಪದಕೋಶ ತೆಗೆಯುವವನು ಓದುತ್ತಿರುವುದು ಕಾದಂಬರಿಯನ್ನಲ್ಲ. ನಮ್ಮ ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡು. ಅಲ್ಲಿ ಹಾಳೆ ಕೊಟ್ಟರೂ ಅದನ್ನು ತಿರುವಿ ನೋಡುವವನಿಗೆ ಅರ್ಧ ಪತ್ರಿಕೆ ಮುಗಿಸುವುದೂ ಕಷ್ಟ.

ಇಷ್ಟಾದ ಮೇಲೆ ಗೆರೆ ಎಲ್ಲಿ ಎಳೆಯಬೇಕೆಂದು ಹೇಳಬಹುದು. ಸೂತ್ರ ಎಂಬ ಒಂದೇ ಹೆಸರಿನಡಿ ಮೂರು ಬಗೆಯ ಸರಕುಗಳಿವೆ.

1. ವೇಷ ಮರೆಸಿಕೊಂಡು ಬರುವಂಥವು. ವಿಸ್ತರಣೆಯ ನಿತ್ಯಸಮೀಕರಣಗಳು, ಪೈಥಾಗೊರಸ್ ಪ್ರಮೇಯ, ಸೈನ್ ವರ್ಗ ಮತ್ತು ಕೊಸೈನ್ ವರ್ಗಗಳ ಮೊತ್ತ, ವೇಗ–ದೂರ–ಕಾಲದ ಸಂಬಂಧ, ಓಮನ ನಿಯಮ. ಇವು ತಲೆಯಲ್ಲೇ ಇರಬೇಕು. ಹಾಳೆಯಲ್ಲಿ ಅಚ್ಚು ಹಾಕಿದರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಅಮೆರಿಕದ ಸ್ಯಾಟ್ ಪರೀಕ್ಷೆಯ ಹಾಳೆಯಲ್ಲಿ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದೂ ಬರೆದಿರುತ್ತಾರೆ. ಅದನ್ನು ಅಲ್ಲಿ ನೋಡಿ ತಿಳಿಯಬೇಕಾದವನಿಗೆ ಆ ಪರೀಕ್ಷೆಯಲ್ಲಿ ಮತ್ತೇನು ಮಾಡಲು ಸಾಧ್ಯವೋ ಕಾಣೆ.

2. ಮರೆತರೂ ಮತ್ತೆ ಕಟ್ಟಿಕೊಳ್ಳಬಹುದಾದವು. ವರ್ಗ ಸಮೀಕರಣದ ಸೂತ್ರವೇ ಇದಕ್ಕೆ ಒಳ್ಳೆಯ ಉದಾಹರಣೆ. ಶ್ರೀಧರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದಲ್ಲಿ, ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಎಲ್ಲವನ್ನೂ ಗುಣಿಸಿ, ನಡುವಿನ ಪದದ ಸಹಗುಣಕದ ವರ್ಗವನ್ನು ಎರಡೂ ಬದಿಗೆ ಕೂಡಿಸಬೇಕು. ಮೇಲಿನ ಬಸ್ಸಿನ ಸಮೀಕರಣವನ್ನು 4ರಿಂದ ಗುಣಿಸಿದರೆ 4ಎಕ್ಸ್² + 40ಎಕ್ಸ್ = 12000. ಎರಡೂ ಕಡೆ 100 ಕೂಡಿಸಿದರೆ ಎಡಗಡೆ 2ಎಕ್ಸ್ + 10ರ ವರ್ಗ, ಬಲಗಡೆ 12100, ಅಂದರೆ 110ರ ವರ್ಗ. ಎಕ್ಸ್ 50 ಅಥವಾ −60. ಭಿನ್ನರಾಶಿಯ ಸೋಂಕೂ ಇಲ್ಲದೆ ಲೆಕ್ಕ ಮುಗಿಯಿತು, ಸೂತ್ರವೂ ಬೇಕಾಗಲಿಲ್ಲ. ಸಮಾಂತರ ಶ್ರೇಢಿಯ ಮೊತ್ತ, ಸಿಲಿಂಡರಿನ ಪೂರ್ಣ ಮೇಲ್ಮೈ ವಿಸ್ತೀರ್ಣ ಇವೂ ಈ ಜಾತಿಯವೇ. ಮುಚ್ಚಳವಿಲ್ಲದ ಡ್ರಮ್ಮಿಗೆ ಎಷ್ಟು ತಗಡು ಬೇಕು ಎಂದು ಕೇಳಿದಾಗ ಬಾಯಿಪಾಠದ ಸೂತ್ರವೂ ಕೈಕೊಡುತ್ತದೆ, ಹಾಳೆಯ ಸೂತ್ರವೂ ಕೈಕೊಡುತ್ತದೆ. ಸುತ್ತಿನ ತಗಡು ಬಿಚ್ಚಿದರೆ ಆಯತ, ತಳ ಒಂದು ವೃತ್ತ ಎಂದು ಬಲ್ಲವನು ಮಾತ್ರ ದಡ ಸೇರುತ್ತಾನೆ. ಇಲ್ಲಿ ನೆನಪಿರಬೇಕಾದದ್ದು ದಾರಿ.

3. ನೋಡಿಯೇ ಬಳಸಬೇಕಾದವು. ಭೌತ ಸ್ಥಿರಾಂಕಗಳು, ವರ್ಗೀಕೃತ ದತ್ತಾಂಶಗಳ ಬಹುಲಕದ ಸೂತ್ರ, ಶಂಕುವಿನ ಭಿನ್ನಕದ ಘನಫಲ. ಬಕೆಟ್ಟಿನ ಆಕಾರದ ಆ ಭಿನ್ನಕದ ಸೂತ್ರವನ್ನು ಜೀವನದಲ್ಲಿ ಎಷ್ಟು ಸಲ ಬಳಸುತ್ತೇವೆ ಎಂದು ಯೋಚಿಸಿದರೆ ಸಾಕು. ಇವನ್ನು ಧಾರಾಳವಾಗಿ ಹಾಳೆಗೆ ಬಿಡಬಹುದು. ಎರಡು ತ್ರಿಜ್ಯಗಳನ್ನೂ ಸಮ ಮಾಡಿದಾಗ ಅದು ಸಿಲಿಂಡರಿನ ಸೂತ್ರವಾಗುತ್ತದೆಯೇ, ಒಂದನ್ನು ಸೊನ್ನೆ ಮಾಡಿದಾಗ ಶಂಕುವಿನದಾಗುತ್ತದೆಯೇ ಎಂದು ಪರೀಕ್ಷಿಸಿ ನೋಡುವ ಅಭ್ಯಾಸ ಮಾಡಿಸಿದರೆ ಅದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ನೂರು ಪಾಲು ಮೇಲು.

ಎಂಜಿನಿಯರು ಪುಸ್ತಕ ನೋಡಿಯೇ ಕೆಲಸ ಮಾಡುತ್ತಾನೆ ಎಂಬ ವಾದವನ್ನು ಈ ಬೆಳಕಿನಲ್ಲಿ ನೋಡೋಣ, ಏಕೆಂದರೆ ಹಾಳೆ ಕೊಟ್ಟರೆ ಏನಾಗುತ್ತದೆ ಎಂಬ ಪ್ರಯೋಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಗಳಿಂದ ನಡೆಯುತ್ತಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿಭಾಗದ ಮಷಿನ್ ಡಿಸೈನ್ ಪತ್ರಿಕೆಯ ನೆತ್ತಿಯ ಮೇಲೆ, ಡಿಸೈನ್ ಡೇಟಾ ಹ್ಯಾಂಡ್‌ಬುಕ್ ಬಳಸಬಹುದು ಎಂದು ಬರೆದಿರುತ್ತದೆ. ಒಂದು ಹಾಳೆಯಲ್ಲ, ನೂರಾರು ಪುಟಗಳ ದಪ್ಪ ಪುಸ್ತಕ. ಗೇರಿನ ಹಲ್ಲಿನ ಬಲಕ್ಕೆ ಲೂಯಿಸ್ ಸಮೀಕರಣ, ಚಲಿಸುವಾಗಿನ ಹೊರೆಗೆ ಬಕಿಂಗ್‌ಹ್ಯಾಮ್ ಸಮೀಕರಣ, ಸವೆತದ ಹೊರೆ, ಕೋಷ್ಟಕ, ನಕ್ಷೆ, ಎಲ್ಲವೂ ಅದರಲ್ಲಿವೆ. ಆದರೂ ಆ ಪತ್ರಿಕೆ ಸುಲಭವೆಂದು ಯಾವ ವಿದ್ಯಾರ್ಥಿಯೂ ಹೇಳುವುದಿಲ್ಲ. ಪಿನಿಯನ್, ಗೇರ್ ಎರಡರಲ್ಲಿ ದುರ್ಬಲವಾದದ್ದು ಯಾವುದೆಂದು ಮೊದಲು ನೋಡಬೇಕು, ವಿನ್ಯಾಸವನ್ನು ಅದರ ಮೇಲೆ ಮಾಡಬೇಕು ಎಂಬ ಕ್ರಮ ತಲೆಯಲ್ಲಿಲ್ಲದವನು ಪುಟ ತಿರುವುತ್ತಲೇ ಮೂರು ಗಂಟೆ ಕಳೆಯುತ್ತಾನೆ. ಥರ್ಮೊಡೈನಮಿಕ್ಸ್ ಪರೀಕ್ಷೆಯ ಸ್ಟೀಮ್ ಟೇಬಲ್ ಇನ್ನೂ ಒಳ್ಳೆಯ ಸಾಕ್ಷಿ. 10 ಬಾರ್ ಒತ್ತಡ, 250 ಡಿಗ್ರಿ ಉಷ್ಣತೆಯ ಹಬೆಯ ಲೆಕ್ಕ ಬಂದರೆ ಯಾವ ಕೋಷ್ಟಕ ತೆರೆಯಬೇಕು? ಆ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 180 ಡಿಗ್ರಿಯಲ್ಲಿ, ಹಾಗಾಗಿ ಇದು ಅತಿತಪ್ತ ಹಬೆ ಎಂಬ ನಿರ್ಧಾರ ಮೊದಲು ಆಗಬೇಕು. ಅದನ್ನು ಮಾಡದೆ ಸಂತೃಪ್ತ ಹಬೆಯ ಪುಟ ತೆರೆದವನಿಗೆ ಟೇಬಲ್ ಎಚ್ಚರಿಕೆ ಕೊಡುವುದಿಲ್ಲ, ತಪ್ಪು ಅಂಕಿಗಳನ್ನು ಅಷ್ಟೇ ನಿಷ್ಠೆಯಿಂದ ಒದಗಿಸುತ್ತದೆ. ಪಳಗಿದ ಎಂಜಿನಿಯರು ಪುಸ್ತಕದಲ್ಲಿ ಹುಡುಕುವುದು ಲೋಹದ ಬಲ, ಸುರಕ್ಷತಾ ಗುಣಾಂಕ, ನಕ್ಷೆಯ ಬೆಲೆ ಇಂಥವನ್ನು. ಬಾಗುವ ತೊಲೆಯ ಒತ್ತಡದ ಮೂಲ ಸಂಬಂಧವೂ ಅದೇ ಪುಸ್ತಕದಲ್ಲಿ ಅಚ್ಚಾಗಿದೆ, ಅದನ್ನು ಹುಡುಕಲು ಆತ ಪುಟ ತಿರುವುವುದಿಲ್ಲ. ಅವನು ಮೂರನೇ ಬಗೆಯದನ್ನು ನೋಡುತ್ತಾನೆ, ಮೊದಲ ಬಗೆಯದರಿಂದ ಯೋಚಿಸುತ್ತಾನೆ. ಎಂಜಿನಿಯರನ್ನು ಸಾಕ್ಷಿಗೆ ಕರೆದವರು ಅವನ ಹೇಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ.

ಎದುರು ಬಣದವರು ಕರೆಯುವ ಸಾಕ್ಷಿ ಪರಂಪರೆ. ನಮ್ಮ ಗಣಿತದ ಬಹುಪಾಲು ಶ್ಲೋಕರೂಪದಲ್ಲಿತ್ತು, ಕಂಠದಲ್ಲಿತ್ತು ಎಂಬುದು ನಿಜವೇ. ಓಲೆಗರಿಯ ಕಾಲದಲ್ಲಿ ಪುಸ್ತಕ ವಿರಳವಾಗಿದ್ದಾಗ ಕಂಠಕ್ಕಿಂತ ಭದ್ರವಾದ ಗ್ರಂಥಾಲಯ ಇರಲಿಲ್ಲ. ಆದರೆ ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹವನ್ನು ತೆರೆದವರಿಗೆ ಅಲ್ಲಿ ಬರೀ ಸೂತ್ರಗಳು ಸಿಗುವುದಿಲ್ಲ. ನಿಯಮದ ಬೆನ್ನಿಗೇ ಬಿಡಿಸಬೇಕಾದ ಲೆಕ್ಕಗಳು ಬರುತ್ತವೆ. ಸಂಕ್ಷೇಪವಾದ ಶ್ಲೋಕವನ್ನು ವ್ಯಾಖ್ಯಾನವಿಲ್ಲದೆ, ಉದಾಹರಣೆಯಿಲ್ಲದೆ ಯಾರೂ ಪಾಠ ಹೇಳುತ್ತಿರಲಿಲ್ಲ. ಆ ಪರಂಪರೆಯಿಂದ ಶ್ಲೋಕವನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟು, ಇದೇ ನಮ್ಮ ಪದ್ಧತಿ ಎಂದು ಗೈಡುಗಳ ಹಿಂಬದಿಯ ಸೂತ್ರಪಟ್ಟಿಯನ್ನು ತೋರಿಸುವುದು ಪರಂಪರೆಗೇ ಮಾಡುವ ಅಪಚಾರ.

ಹಾಳೆಯ ವಿರುದ್ಧ ನಿಜಕ್ಕೂ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಪರೀಕ್ಷೆಯಲ್ಲಿ ಕೊಡುತ್ತಾರೆ ಎಂದು ಗೊತ್ತಾದ ದಿನವೇ ಮಕ್ಕಳು ಅದನ್ನು ಕಲಿಯುವುದನ್ನು ಬಿಡುತ್ತಾರೆ ಎಂಬುದು. ಪರೀಕ್ಷೆಗೆ ಬಾರದ್ದನ್ನು ಓದುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೆನಪಿನಿಂದ ಹೊರತೆಗೆಯುವ ಪ್ರಯತ್ನವೇ ಕಲಿಕೆಯನ್ನು ಗಟ್ಟಿ ಮಾಡುತ್ತದೆ ಎಂಬುದಕ್ಕೂ ಪುರಾವೆಯಿದೆ. 2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಿಸಿ, ಕೆಲವರಿಗೆ ಮತ್ತೆ ಓದಲು, ಕೆಲವರಿಗೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು, ಒಂದು ವಾರದ ಬಳಿಕ ನೆನಪಿನಿಂದ ಬರೆದವರು ಮುಂದಿದ್ದರು. ಅವರು ಬಳಸಿದ್ದು ಗದ್ಯವನ್ನು, ಸೂತ್ರಗಳನ್ನಲ್ಲ. ಆದರೂ ಹಾಳೆಯನ್ನು ಎದುರಿಗಿಟ್ಟುಕೊಂಡೇ ದಿನದಿನದ ಲೆಕ್ಕ ಮಾಡುವವನು ಏನನ್ನು ಕಳೆದುಕೊಳ್ಳುತ್ತಾನೆ ಎಂಬ ಸುಳಿವು ಇಲ್ಲಿದೆ. ಆದರೆ ಈ ಪುರಾವೆ ಹೇಳುವುದು ಅಭ್ಯಾಸದ ಬಗ್ಗೆ. ಅಂತಿಮ ಪರೀಕ್ಷೆಯ ಮೂರು ಗಂಟೆಯಲ್ಲಿ ಯಾರೂ ಗಣಿತ ಕಲಿಯುವುದಿಲ್ಲ. ಅಭ್ಯಾಸದಲ್ಲಿ ಹಾಳೆ ಬೇಡ, ಪರೀಕ್ಷೆಯಲ್ಲಿ ಇರಲಿ ಎಂಬುದರಲ್ಲಿ ವಿರೋಧವೇನೂ ಇಲ್ಲ. ಹಾಗಾದರೆ ಅಭ್ಯಾಸದಲ್ಲಿ ನೆನಪಿಡುವಂತೆ ಒತ್ತಡ ತರುವುದು ಯಾವುದು? ಪ್ರಶ್ನೆಯ ಗುಣವೇ ತರಬೇಕು. ಡೇಟಾ ಹ್ಯಾಂಡ್‌ಬುಕ್ ಇದ್ದೂ ಮಷಿನ್ ಡಿಸೈನಿಗೆ ಓದದೆ ಹೋಗುವ ಧೈರ್ಯ ಯಾರಿಗೂ ಇಲ್ಲದಿರುವುದು ಹೀಗೆಯೇ. ಇಷ್ಟಾಗಿಯೂ ಕೆಲವರು ಈಗಿನದಕ್ಕಿಂತ ಕಡಿಮೆ ಸೂತ್ರಗಳನ್ನು ನೆನಪಿಟ್ಟುಕೊಳ್ಳುತ್ತಾರೆ ಎಂಬುದನ್ನು ಒಪ್ಪಲೇಬೇಕು. ಅದರಲ್ಲಿ ಬಹುಪಾಲು ಫಲಿತಾಂಶ ಬರುವಷ್ಟರಲ್ಲಿ ಹೇಗೂ ಆವಿಯಾಗುತ್ತಿದ್ದ ಸರಕು. ಇಂಗ್ಲೆಂಡಿನ ಅನುಭವ ಇದಕ್ಕೆ ಉತ್ತರ ಕೊಡಬಹುದೆಂದು ಕೆಲವರು ನೋಡುತ್ತಾರೆ. ಅಲ್ಲಿ ಜಿಸಿಎಸ್‌ಇ ಎಂಬ ಶಾಲಾ ಪರೀಕ್ಷೆಯ ಹೊಸ ಗಣಿತ ಪತ್ರಿಕೆ 2017ರಲ್ಲಿ ಬಂದಾಗ ವರ್ಗ ಸಮೀಕರಣದ ಸೂತ್ರವೂ ನೆನಪಿರಬೇಕಿತ್ತು. ಕೋವಿಡ್ ಕಾರಣಕ್ಕೆ 2022ರಲ್ಲಿ ಸೂತ್ರದ ಹಾಳೆ ಕೊಟ್ಟರು, ಕೋವಿಡ್ ಹೋದರೂ ಹಾಳೆ ಉಳಿಯಿತು. ಆದರೆ ಅಲ್ಲಿ ಗ್ರೇಡಿನ ಗಡಿಗಳನ್ನು ವರ್ಷ ವರ್ಷವೂ ಹೊಂದಿಸುವುದರಿಂದ ಬರೀ ಉತ್ತೀರ್ಣರ ಪ್ರಮಾಣ ನೋಡಿ ಹಾಳೆಯ ಗುಣದೋಷ ಅಳೆಯಲಾಗದು.

ಹಾಗಾದರೆ ತಿಳಿವಳಿಕೆ ತಾರದ, ಬಲ್ಲವನಿಗೆ ಹೆಚ್ಚೇನೂ ಬೇಕಿಲ್ಲದ ಹಾಳೆಯನ್ನು ಏಕೆ ಕೊಡಬೇಕು? ಅದು ಸುಧಾರಿಸುವುದು ಪ್ರಶ್ನೆಪತ್ರಿಕೆ ತಯಾರಿಸುವವರನ್ನು, ಅದಕ್ಕೆ. ನಮ್ಮ ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯಲ್ಲಿ ಇಂಥ ಘನಾಕೃತಿಯ ಘನಫಲ ಕಂಡುಹಿಡಿಯುವ ಸೂತ್ರ ಬರೆಯಿರಿ ಎಂಬಂಥ ಒಂದು ಅಂಕದ ಪ್ರಶ್ನೆಗಳು ಬರುತ್ತವೆ. ಮೌಲ್ಯಮಾಪನದ ಕೀ ಉತ್ತರದಲ್ಲಿ ದೊಡ್ಡ ಲೆಕ್ಕಗಳಿಗೂ ಹೆಜ್ಜೆ ಹೆಜ್ಜೆಗೆ ಅಂಕ ಹಂಚಿರುತ್ತಾರೆ, ಸೂತ್ರ ಬರೆದಿದ್ದಕ್ಕೆ ಅರ್ಧ ಅಂಕ ಎಂದು ಅಲ್ಲಿರುತ್ತದೆ. ಇದನ್ನೆಲ್ಲ ಲೆಕ್ಕ ಹಾಕಿಯೇ ಶಾಲೆಗಳಲ್ಲಿ ಪಾಸಿಂಗ್ ಪ್ಯಾಕೇಜ್ ಎಂಬುದು ಹುಟ್ಟಿಕೊಂಡಿದೆ. ಲೆಕ್ಕ ಬಾರದಿದ್ದರೂ ಸೂತ್ರ ಬರೆದು ಬಾ, ಅರ್ಧ ಅರ್ಧ ಸೇರಿ ದಡ ಮುಟ್ಟುತ್ತೀಯ ಎಂದು ಹಿಂದುಳಿದ ಮಕ್ಕಳಿಗೆ ಹೇಳಿಕೊಡುವುದು. ಶಿಕ್ಷಕರನ್ನು ಇದಕ್ಕಾಗಿ ದೂರುವುದರಲ್ಲಿ ಅರ್ಥವಿಲ್ಲ, ಫಲಿತಾಂಶದ ಪ್ರಮಾಣಕ್ಕೆ ಉತ್ತರ ಹೇಳಬೇಕಾದವರು ಅವರೇ. ಹಾಳೆ ಕೊಟ್ಟ ದಿನ ಆ ಒಂದು ಅಂಕದ ಪ್ರಶ್ನೆ ಸಾಯುತ್ತದೆ, ಆ ಅರ್ಧ ಅಂಕಕ್ಕೂ ಅರ್ಥ ಉಳಿಯುವುದಿಲ್ಲ. ಪ್ರಶ್ನೆ ಕೇಳುವವರು ಬೇರೆ ಏನನ್ನಾದರೂ ಕೇಳಲೇಬೇಕಾಗುತ್ತದೆ. ಹಾಳೆಯ ದೊಡ್ಡ ಉಪಕಾರ ಇದು. ಭಯದಲ್ಲಿ ಮರೆತವರಿಗೆ ಆಗುವ ನ್ಯಾಯ ಎರಡನೆಯದು. ಆದರೆ ಇದರಲ್ಲೇ ಒಂದು ಕ್ರೌರ್ಯವೂ ಅಡಗಿದೆ ಎಂಬುದನ್ನು ಮುಚ್ಚಿಡಬಾರದು. ಟ್ಯೂಷನ್ನಿಗೆ ಹೋಗದ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಹುಡುಗಿಗೆ ಇವತ್ತು ಆಸರೆಯಾಗಿರುವುದು ಅವೇ ಅರ್ಧ ಅಂಕಗಳು. ಹಾಳೆ ಕೊಟ್ಟು ಅವನ್ನು ಕಿತ್ತುಕೊಂಡು, ಅವುಗಳ ಜಾಗದಲ್ಲಿ ವೇಷ ಮರೆಸಿದ ಪ್ರಶ್ನೆಗಳನ್ನು ತಂದಿಟ್ಟರೆ ಮೊದಲು ಸೋಲುವವಳು ಅವಳೇ.

ಆದ್ದರಿಂದ ಹಾಳೆಯನ್ನು ಪರೀಕ್ಷೆಯ ದಿನ ಕೈಗಿಡುವ ಕರುಣೆ ಎಂದುಕೊಳ್ಳದೆ, ಶಾಲೆ ತೆರೆಯುವ ಹೊತ್ತಿಗೇ ಮಂಡಳಿ ಅದನ್ನು ಪ್ರಕಟಿಸಬೇಕು. ಮೂರನೇ ಬಗೆಯವು ಅದರಲ್ಲಿ ಪೂರ್ತಿಯಾಗಿರಲಿ, ಎರಡನೇ ಬಗೆಯವೂ ಇರಲಿ. ತರಗತಿಯ ಕಿರುಪರೀಕ್ಷೆಗಳಲ್ಲಿ ಮಕ್ಕಳು ತಾವೇ ಕೈಯಲ್ಲಿ ಬರೆದುಕೊಂಡ ಒಂದು ಪುಟವನ್ನು ತರಲು ಬಿಡುವುದು ಇನ್ನೂ ಒಳ್ಳೆಯದು. ಏನು ಬರೆದುಕೊಳ್ಳಬೇಕು, ಏನು ಬೇಡ ಎಂದು ಆರಿಸುವುದರಲ್ಲೇ ಅರ್ಧ ಓದು ಮುಗಿಯುತ್ತದೆ, ಬರೆದುಕೊಂಡದ್ದನ್ನು ನೋಡುವ ಅಗತ್ಯ ಎಷ್ಟೋ ಸಲ ಬೀಳುವುದೇ ಇಲ್ಲ. ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಕೂರುವ ಎಸ್ಸೆಸ್ಸೆಲ್ಸಿಯಲ್ಲಿ ಅದು ಆಗದ ಮಾತು. ಯಾರ ಪುಟದಲ್ಲಿ ಏನಿದೆ ಎಂದು ಕೊಠಡಿ ಮೇಲ್ವಿಚಾರಕರು ನೋಡುತ್ತಾ ಕೂರಲಾಗುವುದಿಲ್ಲ, ಮೈಕ್ರೊ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿಯಾದೀತು. ಅಲ್ಲಿ ಮಂಡಳಿಯೇ ಅಚ್ಚು ಹಾಕಿಸಿದ ಹಾಳೆ ಇರಬೇಕು. ಸೂತ್ರಕ್ಕೆಂದು ಈಗ ಕೊಡುತ್ತಿರುವ ಅರ್ಧ ಅಂಕವನ್ನು ರದ್ದು ಮಾಡದೆ ಬೇರೆ ಹೆಜ್ಜೆಗೆ ಸರಿಸಬಹುದು. ಲೆಕ್ಕದ ಚಿತ್ರ ಬರೆದು ಯಾವುದು ನೇರ ಎತ್ತರ, ಯಾವುದು ಓರೆ ಎತ್ತರ ಎಂದು ಗುರುತಿಸಿದ್ದಕ್ಕೆ ಅರ್ಧ. ಗೊತ್ತಿಲ್ಲದ ವೇಗವನ್ನು ಎಕ್ಸ್ ಎಂದುಕೊಂಡು ಎರಡು ಸಮಯಗಳನ್ನು ಬೇರೆ ಬೇರೆ ಬರೆದಿದ್ದಕ್ಕೆ, ಮುಂದಿನ ಲೆಕ್ಕ ತಪ್ಪಿದರೂ, ಒಂದು. ಬಂದ ಎರಡು ಉತ್ತರಗಳಲ್ಲಿ ಋಣಸಂಖ್ಯೆಯನ್ನು ಏಕೆ ಬಿಟ್ಟೆ ಎಂದು ಒಂದು ಸಾಲು ಬರೆದಿದ್ದಕ್ಕೆ ಅರ್ಧ. ಪಾಸಿಂಗ್ ಪ್ಯಾಕೇಜ್ ಆಗಲೂ ಇರುತ್ತದೆ, ಇರಲಿ. ಹಿಂದುಳಿದ ಮಕ್ಕಳಿಗೆ ಆಗ ಹೇಳಿಕೊಡಬೇಕಾಗುವುದು ಈ ಮೂರು ಹೆಜ್ಜೆಗಳನ್ನು.